ತುಪ್ಪದ ನಾಡಿನಲ್ಲಿ ಹಾಲಿಲ್ಲದ ಊಟ



ಕೆಲಸಕ್ಕೆಂದು ಗುಜರಾತಿಗೆ ಬಂದ ಕನ್ನಡಿಗರಿಗೆ ಸಸ್ಯಾಹಾರಿ ಊಟದ ಚಿಂತೆಯಿಲ್ಲ. ಆದರೆ ಹಾಲು, ಮೊಸರು, ತುಪ್ಪವನ್ನೂ ಬಿಟ್ಟವರ, ಅಂದರೆ ವೀಗನ್ ಆದವರ ಪಾಡು ಬೇರೆ. ವೀಗನ್ ಎಂಬ ಪದ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1944ರಲ್ಲಿ. ಎರಡೇ ವರ್ಷದ ನಂತರ, 1946ರಲ್ಲಿ, ಅಹಮದಾಬಾದ್ ಮತ್ತು ವಡೋದರಾ ನಡುವಿನ ಆಣಂದದಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ ಶುರುವಾಯಿತು. ಅದೇ ಮುಂದೆ ಅಮುಲ್ ಆಯಿತು. ಇಂಥ ನಾಡಿನಲ್ಲಿ ಹಾಲಿಲ್ಲದೆ ಊಟ ಮಾಡುವುದು ಹೇಗೆ?

ಮೊದಲನೆಯದಾಗಿ, ಪೊಟ್ಟಣದ ಮೇಲಿನ ಹಸಿರು ಚುಕ್ಕಿಯನ್ನು ನಂಬಿ ಕೂರಬೇಡಿ. ಅದು ಸಸ್ಯಾಹಾರದ ಗುರುತು. ಹಾಲು, ಜೇನುತುಪ್ಪ ಇದ್ದರೂ ಇರುತ್ತದೆ. ವೀಗನ್ ಆಹಾರಕ್ಕೆ 2022ರ ನಿಯಮಗಳಲ್ಲಿ ಬೇರೆಯೇ ಗುರುತು ಬಂದಿದೆ: ಹಸಿರು ಬಣ್ಣದ ‘ವಿ’ ಅಕ್ಷರ, ಅದರ ಮೇಲೊಂದು ಎಲೆ. ಹೋಟೆಲಿನ ಜೈನ್ ಊಟವೂ ಅಷ್ಟೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇರುವುದಿಲ್ಲ, ತುಪ್ಪ ಇರುತ್ತದೆ.

ಇನ್ನು ತಿಂಡಿಗಳು. ಅಹಮದಾಬಾದಿನ ಮಳೆಗಾಲದ ದಾಲ್‌ವಡಾ ಹೆಸರುಬೇಳೆಯದು, ಎಣ್ಣೆಯಲ್ಲಿ ಕರಿದದ್ದು. ವಡೋದರಾದ ಸೇವ್ ಉಸಳ್ ಒಣ ಬಟಾಣಿಯದು. ಸೂರತ್ತಿನ ಲೋಚೋ ಕಡಲೆಬೇಳೆಯದು; ಮೇಲೆ ಬೆಣ್ಣೆ ಹಾಕುವ ಮೊದಲೇ ಎಣ್ಣೆ ಸಾಕು ಎನ್ನಿ. ಚಳಿಗಾಲದಲ್ಲಿ ಅಲ್ಲಿ ಸಿಗುವ ಪೋಂಕ್ ಅಂದರೆ ಮತ್ತೇನಲ್ಲ, ನಮ್ಮ ಉತ್ತರ ಕರ್ನಾಟಕದ ಸೀತನಿ! ಉತ್ತರಾಯಣದ ಉಂಧಿಯು ಕೂಡ ಎಣ್ಣೆಯ ಅಡುಗೆ. ಅದರೊಳಗಿನ ಮೆಂತ್ಯಸೊಪ್ಪಿನ ಮುಠಿಯಾಕ್ಕೆ ಮೊಸರು ಹಾಕಿದ್ದಾರೆಯೇ ಎಂದಷ್ಟೇ ಕೇಳಬೇಕು.

ಎಚ್ಚರಿಕೆ ಬೇಕಾದದ್ದು ಖಾಂಡ್ವಿ, ಕಢಿ, ಢೋಕ್ಲಾ, ಥೇಪ್ಲಾಗಳಲ್ಲಿ. ಮೊದಲೆರಡರಲ್ಲಿ ಮಜ್ಜಿಗೆ ಅಥವಾ ಮೊಸರು ಇದ್ದೇ ಇರುತ್ತದೆ, ಉಳಿದೆರಡರಲ್ಲಿ ಬಹಳ ಸಲ ಇರುತ್ತದೆ. ರೋಟ್ಲಿಗಂತೂ ಕಾವಲಿಯಿಂದ ಇಳಿಸಿದ ಕೂಡಲೇ ತುಪ್ಪ ಸವರುತ್ತಾರೆ. ಆದ್ದರಿಂದ ‘ಘೀ ವಗರ್’, ಅಂದರೆ ತುಪ್ಪವಿಲ್ಲದೆ, ಎಂಬ ಎರಡು ಮಾತನ್ನು ಮೊದಲೇ ಹೇಳಿಬಿಡಿ. ‘ದಹೀ ವಗರ್’, ‘ಛಾಶ್ ವಗರ್’ ಕೂಡ ಕಲಿತಿರಿ.

ಮನೆಯಲ್ಲಿ ಅಡುಗೆ ಮಾಡುವವರಿಗೆ ಕಷ್ಟ ಕಡಿಮೆ. ಹುಳಿ, ಸಾರು, ಗೊಜ್ಜು, ಪಲ್ಯ, ಕೋಸಂಬರಿಗೆ ಹಾಲು ಬೇಕಿಲ್ಲ, ಒಗ್ಗರಣೆಗೆ ಎಣ್ಣೆ ಸಾಕು. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದರಂತೂ ಮುಗಿಯಿತು. ರಾಗಿ ಬೇಕಿದ್ದರೆ ಅಂಗಡಿಯಲ್ಲಿ ‘ನಾಗಲಿ’ ಎಂದು ಕೇಳಿ. ದಕ್ಷಿಣ ಗುಜರಾತಿನ ಡಾಂಗ್ ಜಿಲ್ಲೆಯಲ್ಲಿ ಬೆಳೆಯುತ್ತಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಎಳ್ಳಿನಲ್ಲಿ ಇನ್ನೂ ಹೆಚ್ಚು. ಪಾಯಸಕ್ಕೆ ತೆಂಗಿನಕಾಯಿ ಹಾಲು ಇದ್ದೇ ಇದೆ.

ಆದರೆ ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಅದು ಬಿ12 ಜೀವಸತ್ವ. ಸಸ್ಯಾಹಾರಿಗಳಿಗೆ ಇದು ಸಿಗುವುದು ಮುಖ್ಯವಾಗಿ ಹಾಲು, ಮೊಸರಿನಿಂದ. ಕಾಳು, ಸೊಪ್ಪು, ತರಕಾರಿಗಳಲ್ಲಿ ನೆಚ್ಚಿಕೊಳ್ಳುವಷ್ಟು ಇಲ್ಲ. ವಯಸ್ಕರಿಗೆ ದಿನಕ್ಕೆ 2.2 ಮೈಕ್ರೋಗ್ರಾಂ ಬೇಕೆಂದು ನಮ್ಮ ದೇಶದ 2020ರ ಶಿಫಾರಸು. ಪ್ರಮಾಣ ಅತ್ಯಲ್ಪ, ಆದರೆ ಇಲ್ಲದಿದ್ದರೆ ರಕ್ತಹೀನತೆ, ಪಾದಗಳಲ್ಲಿ ಜೋಮು, ಮರೆವು ಬರಬಹುದು. ಯಕೃತ್ತಿನಲ್ಲಿ ದಾಸ್ತಾನು ಇರುವುದರಿಂದ ಕೊರತೆ ಕಾಣಿಸಲು ಕೆಲವು ವರ್ಷಗಳೇ ಹಿಡಿಯಬಹುದು. ‘ನನಗೇನೂ ಆಗಿಲ್ಲವಲ್ಲ’ ಎಂಬ ಧೈರ್ಯ ಬೇಡ. ನರಗಳಿಗೆ ಆದ ಹಾನಿ ತಡವಾದರೆ ಪೂರ್ತಿ ಸರಿಹೋಗದೆಯೂ ಇರಬಹುದು. ವೈದ್ಯರನ್ನು ಕೇಳಿ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ತೆಗೆದುಕೊಳ್ಳಿ. ಗರ್ಭಿಣಿಯರು, ಬಾಣಂತಿಯರು ಮತ್ತು ಮಕ್ಕಳ ವಿಷಯದಲ್ಲಿ ವೈದ್ಯರ ಸಲಹೆ ಇಲ್ಲದೆ ಹಾಲು ಬಿಡಿಸಲೇಬೇಡಿ.

ಕೊನೆಯದಾಗಿ, ನೆರೆಮನೆಯ ಆದರ. ಪಕ್ಕದ ಮನೆಯ ಬೆನ್ ಪ್ರೀತಿಯಿಂದ ಛಾಶ್ ತಂದುಕೊಟ್ಟಾಗ ಬೇಡವೆನ್ನುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಬಟ್ಟಲು ಬಂದ ಮೇಲೆ ಹೇಳುವುದಕ್ಕಿಂತ, ಊಟಕ್ಕೆ ಕರೆದಾಗಲೇ ಹೇಳಿ. ವ್ರತ, ಉಪವಾಸಗಳನ್ನು ಗೌರವಿಸುವ ಜನ ಇವರು. ನಿಮ್ಮ ನಿಯಮವೂ ಅವರಿಗೆ ಅರ್ಥವಾಗುತ್ತದೆ. ಹಬ್ಬದ ದಿನ ಕಾಯಿಹಾಲಿನ ಪಾಯಸವನ್ನು ನೀವೇ ಅವರ ಮನೆಗೆ ಕಳುಹಿಸಿ ನೋಡಿ. ಆಮೇಲೆ ವಿವರಿಸುವ ಅಗತ್ಯವೇ ಬೀಳಲಿಕ್ಕಿಲ್ಲ.