ಲೋಡು ಊರು ಬಿಟ್ಟರೂ ಹೊಣೆ ಬಿಡದು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ ಬಂತೆಂದರೆ ಲಾರಿಗೆ ಎಲ್ಲಿಲ್ಲದ ಗಿರಾಕಿ. ಒಂದು ಮೇಜು, ಒಂದು ಫೋನು ಇದ್ದರೆ ಬ್ರೋಕರ್ ಆಫೀಸು ಆಯ್ತು ಅಂತ ಹೊಸಬರ ಲೆಕ್ಕ. ಸಾಲದು ಸ್ವಾಮಿ! ಬಿಲ್ಟಿ ಹರಿದು ಮಾಲು ಸಾಗಿಸುವ ಬ್ರೋಕರನೂ 2007ರ ರಸ್ತೆ ಸಾಗಾಣಿಕೆ ಕಾಯಿದೆಯಂತೆ ನೋಂದಣಿ ಮಾಡಿಸಬೇಕು. 2018ರಿಂದ 50,000 ರೂಪಾಯಿ ಮೀರಿದ ಮಾಲಿಗೆ ಸಾಮಾನ್ಯವಾಗಿ ಇ-ವೇ ಬಿಲ್ಲೂ ಬೇಕು.

ಕಾಗದಪತ್ರ ಹೇಗೋ ಆದೀತು. ನಿಜವಾದ ಪರೀಕ್ಷೆ ಬಾಕಿ ಬಾಡಿಗೆಯದು. ಲೋಡಾದಾಗ ಅಡ್ವಾನ್ಸು, ಮಾಲು ಇಳಿದ ಮೇಲೆ ಉಳಿದದ್ದು. ಆಗ ಸಾಹುಕಾರರು, ‘ನಾಳಿ ಬಾರಪಾ’ ಅಂತಾರೆ. ಡ್ರೈವರ್, ‘ಅಣ್ಣಾರ, ನಿಮ್ಮ ಮಾತಿನ ಮ್ಯಾಲ ಲೋಡ್ ಹಾಕೇನಿ’ ಅಂತಾನೆ. ಅವತ್ತು ಕೈಯಿಂದ ಕೊಟ್ಟು ಕಳಿಸಿದವನ ಬಾಗಿಲಿಗೇ ಮುಂದಿನ ಸೀಸನ್ನಿಗೂ ಲಾರಿ ಬಂದು ನಿಲ್ಲುತ್ತೆ. ದಂಧೆಗೆ ಇಳಿಯೋರು ಫೋನಿಗಿಂತ ಮೊದಲು ಆ ದುಡ್ಡು ತೆಗೆದಿಡಲಿ.