ಒಡೆದ ಕಿಟಕಿ ಮತ್ತು ಒಂದು ಒಪ್ಪಂದ

ಹುಡುಗನೊಬ್ಬ ಕಿಟಕಿಯ ಗಾಜನ್ನು ಒಡೆದನೆಂದು ಭಾವಿಸೋಣ. ಹಿರಿಯರಾದ ನಾವು ಏನು ಮಾಡಬೇಕು? ಬೆತ್ತ ಹಿಡಿಯಬೇಕೆ, ಕಂಡೂ ಕಾಣದಂತಿರಬೇಕೆ? ಈ ಸಣ್ಣ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡ ತತ್ತ್ವಜ್ಞಾನಿ ಜಾನ್ ಜಾಕ್ ರೂಸೋ.

1712ರಲ್ಲಿ ಜಿನೀವಾ ನಗರದ ಗಡಿಯಾರ ತಯಾರಕನೊಬ್ಬನ ಮಗನಾಗಿ ಜನಿಸಿದ ರೂಸೋ, ಕೆಲವೇ ದಿನಗಳಲ್ಲಿ ತಾಯಿಯನ್ನು ಕಳೆದುಕೊಂಡನು. ಕ್ರಮಬದ್ಧವಾದ ಶಿಕ್ಷಣ ಅವನಿಗೆ ಹೆಚ್ಚು ಕಾಲ ದೊರೆಯಲಿಲ್ಲ. ಕೆತ್ತನೆಗಾರನೊಬ್ಬನಲ್ಲಿ ಕೆಲಸ ಕಲಿಯಲು ಸೇರಿ, ಯಜಮಾನನ ಹೊಡೆತಗಳಿಂದ ನೊಂದು, ಹದಿನಾರು ತುಂಬುವ ಮೊದಲೇ 1728ರಲ್ಲಿ ಊರು ಬಿಟ್ಟನು. ದಂಡನೆಯ ರುಚಿಯನ್ನು ಅವನು ಪುಸ್ತಕದಿಂದ ತಿಳಿದವನಲ್ಲ.

1762ರಲ್ಲಿ ಅವನ ಎರಡು ಕೃತಿಗಳು ಒಂದರ ಹಿಂದೊಂದು ಪ್ರಕಟವಾದವು. ‘ಸಾಮಾಜಿಕ ಒಪ್ಪಂದ’ ರಾಜ್ಯವನ್ನು ಕುರಿತದ್ದು. ‘ಎಮಿಲ್’ ಮಗುವಿನ ಶಿಕ್ಷಣವನ್ನು ಕುರಿತದ್ದು. ಮೊದಲನೆಯದರ ಸಾರವಿಷ್ಟು: ಮನಬಂದಂತೆ ನಡೆಯುವುದು ಸ್ವಾತಂತ್ರ್ಯವಲ್ಲ, ತಾನೂ ಸೇರಿ ರಚಿಸಿದ ನಿಯಮಕ್ಕೆ ತಾನೇ ವಿಧೇಯನಾಗುವುದು ಸ್ವಾತಂತ್ರ್ಯ.

ಇನ್ನು ‘ಎಮಿಲ್’ನಲ್ಲಿ ಬರುವ ಕಿಟಕಿಯ ಪ್ರಸಂಗವನ್ನು ನೋಡಿರಿ. ಹುಡುಗನು ತನ್ನ ಕೋಣೆಯ ಗಾಜು ಒಡೆದರೆ ಗದರಬೇಡಿ, ಹೊಸ ಗಾಜನ್ನೂ ಕೂಡಲೇ ಹಾಕಿಸಬೇಡಿ. ಹಗಲಿರುಳು ಬೀಸುವ ಗಾಳಿಯೇ ಅವನಿಗೆ ಪಾಠ ಹೇಳಲಿ ಎನ್ನುತ್ತಾನೆ ರೂಸೋ. ದುರಸ್ತಿಯ ಬಳಿಕ ಮತ್ತೆ ಒಡೆದರೆ, ಕಿಟಕಿಯೇ ಇಲ್ಲದ ಕತ್ತಲ ಕೋಣೆಯಲ್ಲಿ ಅವನನ್ನು ಇರಿಸಬೇಕಂತೆ. ಕೆಲವು ಗಂಟೆಗಳು ಕಳೆದ ಮೇಲೆ ಯಾರಾದರೊಬ್ಬರು ಅವನಿಗೆ ಒಂದು ಉಪಾಯ ಸೂಚಿಸಬೇಕು: ತಾನಿನ್ನು ಗಾಜು ಒಡೆಯುವುದಿಲ್ಲ, ತನ್ನನ್ನು ಬಿಟ್ಟುಬಿಡಿ ಎಂದು ಅವನೇ ಒಪ್ಪಂದಕ್ಕೆ ಮುಂದಾಗಲಿ. ಹಿರಿಯರು ಮರುಮಾತಿಲ್ಲದೆ ಒಪ್ಪಿ, ಆ ಮಾತನ್ನು ಪವಿತ್ರವೆಂದೇ ಎಣಿಸಬೇಕು. ದೊಡ್ಡ ಗ್ರಂಥದಲ್ಲಿ ಪ್ರಜೆಗಳ ಮುಂದಿಟ್ಟ ಒಪ್ಪಂದವನ್ನೇ ಇಲ್ಲಿ ರೂಸೋ ಮಗುವಿನ ಕೈಗೂ ಕೊಟ್ಟಿದ್ದಾನೆ.

ಆದರೆ ಕತ್ತಲ ಕೋಣೆಯನ್ನು ನಾನು ಒಪ್ಪಲಾರೆ. ಭಯದಿಂದ ಹುಟ್ಟಿದ ಮಾತು ಸ್ವತಂತ್ರ ಮಾತಾದೀತೆ? ರೂಸೋವಿನ ದೋಷಗಳು ಇಷ್ಟಕ್ಕೇ ಮುಗಿಯುವುದಿಲ್ಲ. ತನ್ನ ಐದು ಮಕ್ಕಳನ್ನು ಅವನು ಅನಾಥಾಲಯಕ್ಕೆ ಒಪ್ಪಿಸಿದನು. ಎಮಿಲನಿಗೆ ಬಯಸಿದ ಸ್ವಾತಂತ್ರ್ಯವನ್ನು ಅವನ ಸಂಗಾತಿ ಸೋಫಿಗೆ ಕೊಡಲಿಲ್ಲ. ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1792ರಲ್ಲಿ ಇದನ್ನು ಕಟುವಾಗಿ ಖಂಡಿಸಿದಳು. ಆದರೂ ಪೆಸ್ಟಲಾಟ್ಸಿಯಂತಹ ಶಿಕ್ಷಕನಿಗೆ ಸ್ಫೂರ್ತಿಯಾದದ್ದು ಈ ‘ಎಮಿಲ್’. ಪ್ಯಾರಿಸ್ಸಿನಲ್ಲಿ ಇದನ್ನು ಸುಡಿಸಿ, ಕರ್ತೃವಿನ ಬಂಧನಕ್ಕೆ ಆಜ್ಞೆ ಹೊರಡಿಸಿದರು. ಜಿನೀವಾದಲ್ಲಿ ಎರಡೂ ಗ್ರಂಥಗಳನ್ನು ಸುಟ್ಟರು.

ತರಬೇತಿಯ ದಿನಗಳಲ್ಲಿ ಪರೀಕ್ಷೆಗಾಗಿ ರೂಸೋವನ್ನು ಕಂಠಪಾಠ ಮಾಡಿದ ನಾನು, ಕೆಲಸಕ್ಕೆ ಸೇರಿದ ಮೇಲೆ ಬೆತ್ತವನ್ನೇ ಹಿಡಿದೆ ಎಂಬುದನ್ನು ಮುಚ್ಚಿಡಲಾರೆ. 2009ರ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ದಂಡನೆಯನ್ನು ನಿಷೇಧಿಸಿತು. ಬೆತ್ತ ಕೆಳಗಿಟ್ಟಾಗ ಕೈ ಬರಿದೆನಿಸಿತು. ಆಗ ಆ ಹಳೆಯ ಪಾಠ ನೆನಪಾಯಿತು. ನೀರಿನ ನಲ್ಲಿಯ ಬಳಿ ನಿತ್ಯ ಜಗಳವಾಡುತ್ತಿದ್ದ ಮಕ್ಕಳನ್ನು ಕೂಡಿಸಿ, ನಿಯಮವನ್ನು ನೀವೇ ಹೇಳಿರೆಂದೆ. ಚಿಕ್ಕವರಿಗೆ ಮೊದಲ ಸರದಿಯೆಂದು ಅವರೇ ತೀರ್ಮಾನಿಸಿದರು. ಮರುದಿನ ಅವಸರದಲ್ಲಿ ಸರದಿ ಮುರಿದು ಲೋಟ ಹಿಡಿದವನು ನಾನು. ಮೂರನೆಯ ತರಗತಿಯ ಹುಡುಗಿಯೊಬ್ಬಳು, “ಸಾರ್, ಸರದಿ” ಎಂದಳು. ನಾನು ಹಿಂದೆ ಹೋಗಿ ನಿಂತೆ.