ಬಾಡಿಗೆ ಒಂದು, ಬಿಲ್ಲು ಹತ್ತು!

ಮನ್ನಳ್ಳಿ: ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಅವರ ಕಾಲಕ್ಕೆ ಫ್ಲ್ಯಾಟುಗಳಿರಲಿಲ್ಲ. ಇದ್ದಿದ್ದರೆ ‘ಫ್ಲ್ಯಾಟ್ ಬಾಡಿಗೆ ಹಿಡಿದು ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸಿ ಹೋಗುತ್ತಿದ್ದರು.

ನಮ್ಮ ಕಡೆಯ ಹುಡುಗರು ನೌಕರಿಗೆಂದು ಹೋಗುವುದು ಒಂದೋ ಹೈದರಾಬಾದಿಗೆ, ಇಲ್ಲವೇ ಬೆಂಗಳೂರಿಗೆ. ಹೈದರಾಬಾದಿನ ನಂಟು ಹಳೆಯದು. 1956ರವರೆಗೆ ಬೀದರ ಜಿಲ್ಲೆ ಆ ರಾಜ್ಯದಲ್ಲೇ ಇತ್ತು. ಜಹೀರಾಬಾದ್ ದಾಟಿದ ಬಸ್ಸು ಪಟಾನ್‌ಚೆರು, ಮಿಯಾಪುರ, ಕೂಕಟಪಲ್ಲಿ ಮುಟ್ಟಿತೋ, ರಸ್ತೆಯ ಎರಡೂ ಬದಿಗೆ ಮುಗಿಲೆತ್ತರದ ಕಟ್ಟಡಗಳು. ಲಿಫ್ಟು, ವಾಚ್‌ಮನ್, ಜನರೇಟರು, 24 ತಾಸು ನೀರು. ‘ಎಲ್ಲಾ ಅದ’ ಎನ್ನುತ್ತಾನೆ ದಲಾಲ.

ಅದ, ಖರೆ. ಆದರೆ ಪುಕ್ಕಟೆ ಯಾವುದದ?

ಬಾಡಿಗೆಯ ಬೆನ್ನಿಗೆ ಮೇಂಟೆನೆನ್ಸ್

ಲಿಫ್ಟಿನ ಕರೆಂಟು, ವಾಚ್‌ಮನ್ ಪಗಾರ, ಕಸ ಒಯ್ಯುವವರ ಕೂಲಿ, ಜನರೇಟರಿನ ಡೀಸೆಲ್ಲು, ಮೆಟ್ಟಿಲ ದೀಪ – ಇವೆಲ್ಲದರ ಖರ್ಚನ್ನು ಮನೆಗಳ ಮೇಲೆ ಹಂಚಿದ್ದೇ ಮೇಂಟೆನೆನ್ಸ್. ಬೇಸಿಗೆಯಲ್ಲಿ ಬೋರು ಬತ್ತಿದರೆ ಟ್ಯಾಂಕರಿನ ಪಾಲು ಬೇರೆ. ನಮ್ಮ ಜಿಲ್ಲೆ ಹಾಯ್ದು ಹೋಗುವ ಮಾಂಜ್ರಾ ನದಿಯ ನೀರು ಕುಡಿದು ಬೆಳೆದ ಊರು ಹೈದರಾಬಾದು. ಅಲ್ಲಿಗೆ ಹೋದ ನಮ್ಮ ಹುಡುಗ ಮಾತ್ರ ಟ್ಯಾಂಕರಿಗೆ ರೊಕ್ಕ ಎಣಿಸಬೇಕು!

ಅಂಗಡಿಯವರಿಗೆ ತಿಳಿಯುವ ಒಂದು ಲೆಕ್ಕ ಹಾಕೋಣ. ಬಾಡಿಗೆ 12,000 ರೂಪಾಯಿ ಎಂದಿಟ್ಟುಕೊಳ್ಳಿ. ಮೇಂಟೆನೆನ್ಸ್ 2,000, ಟ್ಯಾಂಕರ್ ನೀರಿಗೆ 500, ಗಾಡಿ ನಿಲ್ಲಿಸುವ ಜಾಗಕ್ಕೆ 500. ಕೈಬಿಟ್ಟಿದ್ದು 15,000. ದಲಾಲ ಹೇಳದೇ ಇದ್ದ ಮೂರು ಸಾವಿರ ವರ್ಷಕ್ಕೆ 36,000 ಆಯಿತು. ಮೂರು ತಿಂಗಳ ಬಾಡಿಗೆ!

ಅಡ್ವಾನ್ಸ್ ಎಂಬ ಗಂಟು

ಹೈದರಾಬಾದಿನಲ್ಲಿ ಸಾಮಾನ್ಯವಾಗಿ ಎರಡು ತಿಂಗಳ ಅಡ್ವಾನ್ಸಿಗೆ ಮುಗಿಯುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಕೇಳುವುದು ಹಳೆಯ ರೂಢಿ. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಹತ್ತೇ ಹಿಡಿದರೆ ನಮ್ಮ ಲೆಕ್ಕದ ಮನೆಗೆ 1,20,000 ರೂಪಾಯಿ. ಮಗನಿಗೆ ಮೊದಲ ಪಗಾರ ಬರುವ ಮುಂಚೆಯೇ ಊರಲ್ಲಿ ಅವ್ವನ ಬಂಗಾರ ಒತ್ತೆ ಬೀಳುವುದು ಇಲ್ಲಿಯೇ.

ಕೇಂದ್ರ ಸರಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ತಂದು, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎಂದಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮ ಕಾನೂನಿನಲ್ಲಿ ಸೇರಿಸಿಕೊಂಡರೆ ಮಾತ್ರ ಅದಕ್ಕೆ ಜೀವ.

ಮನೆ ಬಿಡುವ ದಿನ ಇನ್ನೊಂದು ಆಟ. ಬಣ್ಣ ಮಾಸಿದೆ, ನಲ್ಲಿ ಸವೆದಿದೆ ಎಂದು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಏನು ಹೇಳುತ್ತದೆ? ಬಾಡಿಗೆದಾರ ಮನೆಯನ್ನು ಇದ್ದ ಹಾಗೇ ಒಪ್ಪಿಸಬೇಕು. ಆದರೆ ವಾಸದಿಂದ ಆಗುವ ಸಹಜ ಸವೆತಕ್ಕೆ ಅವನು ಹೊಣೆಯಲ್ಲ. ಹಾಂ, ಬಣ್ಣದ ಖರ್ಚು ನನ್ನದೇ ಎಂದು ಕರಾರಿನಲ್ಲಿ ಸಹಿ ಹಾಕಿದ್ದರೆ ಆ ಮಾತೇ ಬೇರೆ. ಓದದೆ ಸಹಿ ಹಾಕಿದವನ ಕೈ ಕಟ್ಟುವುದು ಆ ಸಾಲೇ.

ಕೇಳಿ, ಬರೆಸಿ

ಆದ್ದರಿಂದ ರೊಕ್ಕ ಎಣಿಸುವ ಮುಂಚೆ ಕೇಳಿರಿ. ಮೇಂಟೆನೆನ್ಸ್ ಬಾಡಿಗೆಯಲ್ಲೇ ಸೇರಿದೆಯೇ? ಜನರೇಟರು ಮನೆಯೊಳಗಿನ ದೀಪಕ್ಕೂ ಉಂಟೋ, ಬರೀ ಲಿಫ್ಟಿಗೋ? ಟ್ಯಾಂಕರ್ ನೀರಿನ ಖರ್ಚು ಯಾರದು? ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸು? ಬಂದ ಉತ್ತರವನ್ನು ಕರಾರಿನಲ್ಲಿ ಬರೆಸಿರಿ. ಕೀಲಿ ಕೈಗೆ ಬಂದ ದಿನವೇ ಗೋಡೆ, ನಲ್ಲಿ, ಬಾಗಿಲುಗಳ ಫೋಟೊ ತೆಗೆದಿಡಿರಿ.

ಐವತ್ತು ರೂಪಾಯಿ ಉದ್ರಿಯನ್ನೂ ವಹಿಯಲ್ಲಿ ಬರೆದಿಟ್ಟುಕೊಳ್ಳುವ ಜನ ನಾವು. ಲಕ್ಷ ರೂಪಾಯಿಯನ್ನು ದಲಾಲನ ಬಾಯಿಮಾತಿನ ಮೇಲೆ ಕೊಡುವುದು ಯಾವ ಊರಿನ ವ್ಯಾಪಾರ?